ಒಂದೇ ಫೋಟೊ, ಮೂರು ಗಂಗಾಳ

ಪುಣ್ಯತಿಥಿಗೆ ಫೋಟೊದಲ್ಲಿದ್ದವರು ಇಳಿದು ಉಂಡು ಹೋಗುವುದು ಆ ಊರಲ್ಲಿ ಮಾಮೂಲು. ನೀಲಗಂಗವ್ವನ ಗಂಡನದು ಮಾತ್ರ ಒಂದೇ ಫೋಟೊ, ಅದೂ ನೆರಳಲ್ಲಿ ತೆಗೆದದ್ದು. ಮೂವತ್ತು ವರ್ಷದಿಂದ ಬರುತ್ತಿದ್ದವನ ಮುಖವೇ ಕಾಣುತ್ತಿರಲಿಲ್ಲ.

ಈ ಸಲ ಮುಖ ಕಾಣಲೆಂದು ಸ್ಟುಡಿಯೊದ ಮೌಲಾಸಾಬ ಪುಕ್ಕಟೆ ಸಾಫ್ಟ್‌ವೇರಿನಲ್ಲಿ ಅದನ್ನೇ ಮೂರು ಮಾಡಿದ: ಕಪ್ಪಗೊಂದು, ಇದ್ದಂತೆ ಒಂದು, ಬೆಳ್ಳಗೊಂದು.

“ತಡೀರಿ ಯವ್ವಾ, ಮೂರೂ ಕೂಡಿಸಿ ಒಂದ್ ಚಲೋ ಫೋಟೊ ಮಾಡಿ ಕೊಡ್ತೀನಿ” ಎಂದರೂ ಕೇಳದೆ ಆಕೆ ಮೂರನ್ನೂ ಒಯ್ದು ಎಡೆಯ ಮುಂದಿಟ್ಟಳು.

ಮೂವರು ಗಂಡಂದಿರು ಇಳಿದು ಊಟದ ಗಂಗಾಳಗಳ ಮುಂದೆ ಕೂತರು. ಯಾರಿಗೆ ಮೊದಲು ಬಡಿಸಬೇಕೋ ತಿಳಿಯದೆ ಆಕೆ ಸೌಟು ಹಿಡಿದು ನಿಂತಳು. ಬೆಳ್ಳಗಿನವನ ಮುಖ ಕೊನೆಗೂ ಕಂಡಿತು. ಅವನ ಬೆನ್ನಿಗೇ ಹಸಿರು ಸೀರೆಯ ಹುಡುಗಿಯೊಬ್ಬಳು ಇಳಿದಳು. ಯಾರಿವಳು? ಅಂದು ಫೋಟೊ ತೆಗೆಯುವಾಗ ನಾಚಿ ಬಾಗಿಲ ಹಿಂದಿನ ಕತ್ತಲಲ್ಲಿ ನಿಂತದ್ದು ತಾನೇ ಎಂದು ನೀಲಗಂಗವ್ವನಿಗೆ ಆಮೇಲೆ ನೆನಪಾಯಿತು.

ಬೆಳ್ಳಗಿನ ಗಂಡ ಸೌಟು ಹಿಡಿದಿದ್ದ ಮುದುಕಿ ನೀಲಗಂಗವ್ವನತ್ತ ತಿರುಗಿ, “ಆಯಿ, ನನ್ನ ಹೇಣ್ತಿಗೂ ಒಂದ್ ಗಂಗಾಳ ಇಡ್ರಿ” ಎಂದ.