ನಾದಿನಿಗೆ ಐದು ಸಲ

ಕಳಿಸಿದವರ ಮನಸ್ಸಿನ ರುಚಿಯೇ ಹಣ್ಣಿಗೆ ಬರತೊಡಗಿದ ಮೇಲೆ ಮೈಸೂರಿನಲ್ಲಿ ಚಾಕೊಲೇಟ್ ಅಂಗಡಿಗಳು ಹೆಚ್ಚಿದವು. ಹಣ್ಣನ್ನು ಚಾಕೊಲೇಟಿನಲ್ಲಿ ಅದ್ದಿಸಿ ಉಡುಗೊರೆ ಕೊಟ್ಟರೆ ಒಳಗಿನದು ಸ್ವಲ್ಪವಾದರೂ ಮುಚ್ಚಿಹೋಗುತ್ತಿತ್ತು.

ನಾದಿನಿ ಮಂದಾಕಿನಿಯ ಹುಟ್ಟುಹಬ್ಬಕ್ಕೆ ಸ್ಟ್ರಾಬೆರಿ ಬುಟ್ಟಿ ಹೇಳಲು ವಾಸಂತಿ ಅಂಥದೊಂದು ಅಂಗಡಿಗೆ ಹೋದಳು. ವಾಸಂತಿ ಮಾಡಿದ ಹೋಳಿಗೆಯನ್ನು ಮಂದಾಕಿನಿ ನೆಂಟರೆದುರು ಚಪ್ಪಲಿಗೆ ಹೋಲಿಸಿದಂದಿನಿಂದ ಇಬ್ಬರಿಗೂ ಮಾತಿರಲಿಲ್ಲ. ವಾಸಂತಿಗೆ ರಾಜಿಯಾಗುವ ಆಸೆಯಿತ್ತು, ಸಿಟ್ಟೂ ಇತ್ತು.

"ಎಷ್ಟು ಸಲ ಅದ್ದಲಿ ಮೇಡಂ?" ಎಂದ ಅಂಗಡಿಯವನು.

"ನಾದಿನಿಗೆ ಕಣಪ್ಪ."

"ಹಾಗಾದ್ರೆ ಐದು ಸಲ," ಎಂದು ಅವನು ದೊಡ್ಡ ಪಾತ್ರೆಯನ್ನೇ ಎಳೆದುಕೊಂಡ.

ಸಂಜೆ ಮಂದಾಕಿನಿಯ ಫೋನ್ ಬಂತು. "ಏನ್ ಅತ್ತಿಗೆ ಇದು! ಕಚ್ಚಿದ ತಕ್ಷಣ ಕಣ್ಣಲ್ಲಿ ನೀರು ಬಂತು. ಸೂಜಿಮೆಣಸು ಅಗಿದಂಗಾಯ್ತು."

ವಾಸಂತಿ ಸಮಜಾಯಿಷಿಗಿಳಿದಳು. "ತಪ್ಪು ತಿಳ್ಕೋಬೇಡ ಕಣೇ..."

"ಅಯ್ಯೋ, ಬೇಜಾರಿಲ್ಲ. ಖಾರ ಇದೆ ಅಂದ್ರೆ ನನ್ನ ನೆನಪಾದ್ರೂ ಇದೆ. ನಮ್ಮಣ್ಣ, ಅದೇ ನಿಮ್ಮ ಯಜಮಾನ್ರು, ಬೇರೆ ಕಳಿಸಿದ ಹಣ್ಣು ಬರೀ ಸಪ್ಪೆ!"

ಇಬ್ಬರೂ ಜೋರಾಗಿ ನಕ್ಕರು. ಅಷ್ಟರಲ್ಲಿ ವಾಸಂತಿಯ ಮನೆಯ ಕಾಲಿಂಗ್ ಬೆಲ್ ಸದ್ದಾಯಿತು.

"ನಾನೂ ನಿಮಗೊಂದು ಬುಟ್ಟಿ ಕಳಿಸಿದೀನಿ," ಎಂದಳು ಮಂದಾಕಿನಿ. "ಪಕ್ಕದಲ್ಲಿ ಮೊಸರು ಇಟ್ಕೊಂಡು ತಿನ್ನಿ."