ಗುರುತಿಲ್ಲದ ಬಟ್ಟೆ

"ಅಪ್ಪಾ, ಇಸ್ತ್ರಿಪೆಟ್ಟಿಗೆ ಕೆಳಗಿಡು! ಸ್ಕಾಲರ್‌ಶಿಪ್ ಇಂಟರ್‌ವ್ಯೂಗೆ ನನ್ನ ಜೊತೆ ನಿನ್ನನ್ನೂ ಕರೆದಿದ್ದಾರೆ!"

ಲಾಂಡ್ರಿಯವನು ಕೆಳಗಿಡಲಿಲ್ಲ. ಅಂಗಿಯ ತೋಳು ಇನ್ನೂ ಅರ್ಧ ಬಾಕಿ ಇತ್ತು. "ನಾನ್ಯಾಕೆ? ಓದೋಳು ನೀನು."

"ಫಾರ್ಮಿನಲ್ಲಿ, ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ವ್ಯವಸ್ಥೆ ಬಗ್ಗೆ ಬರೆಯಿರಿ ಅಂತಿತ್ತು. ಬೇರೆಯವರೆಲ್ಲ ಬ್ಯಾಂಕು, ರೈಲು ಅಂತ ಬರ್ದಿರ್ತಾರೆ. ನಾನು ನಿನ್ನ ದಾರದ ಗುರುತು ಬರ್ದೆ!"

ಮೂಲೆಯಲ್ಲಿ ದಿಂಬಿನ ಕವರು ಮಡಚುತ್ತಿದ್ದ ಚಿಕ್ಕಮ್ಮನ ಕೈ ನಿಂತಿತು. "ಅಯ್ಯೋ ಚೂಟಿ, ನಿನ್ನ ಬಾಯಿಗೊಂದು ಬೀಗ ಇಲ್ವೇನೇ? ನಾನು ಈ ಮನೆಗೆ ಬಂದು ಹನ್ನೆರಡು ವರ್ಷ ಆದ್ಮೇಲೆ ನನಗೆ ಹೇಳಿಕೊಟ್ಟ ಗುಟ್ಟು ಅದು!"

ಲಾಂಡ್ರಿಗೆ ಇನ್ನೂರ ನಲವತ್ತು ಮನೆಗಳ ಬಟ್ಟೆ ಬರುತ್ತಿತ್ತು. ಪುಸ್ತಕವಿಲ್ಲ, ಚೀಟಿಯಿಲ್ಲ. ಕಾಲರಿನ ಒಳಗೆ ಎರಡು ಕೆಂಪು ಹೊಲಿಗೆ ಇದ್ದರೆ ಡಾಕ್ಟರ ಮನೆ, ನೀಲಿ ಅಡ್ಡಗೀಟಾದರೆ ಹೆಡ್‌ಮೇಷ್ಟ್ರು. ಇಷ್ಟು ವರ್ಷದಲ್ಲಿ ಒಂದು ಕರವಸ್ತ್ರವೂ ತಪ್ಪು ಮನೆಗೆ ಹೋಗಿರಲಿಲ್ಲ.

ಚೂಟಿಗೆ ಐಟಿ ಪದವಿಗೆ ಸೀಟು ಸಿಕ್ಕಿತ್ತು. ಶುಕ್ರವಾರದೊಳಗೆ ಸೇರಬೇಕು. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆಂದು ಇಟ್ಟಿದ್ದ ಆ ಸ್ಕಾಲರ್‌ಶಿಪ್ ಬಂದರೆ ಕಾಲೇಜು, ಬರದಿದ್ದರೆ ಇದೇ ಇಸ್ತ್ರಿ ಮೇಜು. ಊರಿನಲ್ಲಿ ಅವರ ಜನರದು ಏಳೇ ಮನೆ.

"ಕಮ್ಮಿ ಜನ ಇದ್ದೀವಿ ಅಂತ ಓದಿಸ್ತಾರಾ?" ಎಂದಳು ಚಿಕ್ಕಮ್ಮ. "ನನ್ನ ಕಾಲದಲ್ಲಿ ಇನ್ನೂ ಕಮ್ಮಿ ಇದ್ವಿ, ಆಗ ಯಾರೂ ಕೇಳ್ಲೇ ಇಲ್ಲ!"

"ಚಿಕ್ಕಮ್ಮಾ, ಸುಮ್ನಿರು. ಒಂದು ಎಡವಟ್ಟಾಗಿದೆ." ಚೂಟಿ ಮೊಬೈಲನ್ನು ಎದೆಗೆ ಒತ್ತಿಕೊಂಡಳು. "ನಮ್ಮನೆ ಬಟ್ಟೆಗೆ ಗುರುತೇ ಇಲ್ಲ, ಗುರುತಿಲ್ಲದ್ದೆಲ್ಲ ನಮ್ಮದು ಅಂತ ಬರ್ದಿದ್ದೆ. ಈಗ ಫೋನ್ ಮಾಡಿದ ಸರ್ ಕೇಳ್ತಾರೆ, ಬೇರೆಯವರ ಅಂಗಿಯಿಂದ ದಾರ ಬಿಚ್ಚಿಹೋದ್ರೆ ಅದೂ ನಿಮ್ಮನೆಗೇ ಸೇರುತ್ತೇನಮ್ಮಾ ಅಂತ! ನಾನು ಬೆಬ್ಬೆಬ್ಬೆ ಅಂದೆ. ನಾಳೆ ತಂದೆಯವರನ್ನ ಕರ್ಕೊಂಡು ಬಂದು ಉತ್ತರ ಹೇಳು ಅಂದ್ರು. ಇನ್ನೂ ನಾಲ್ಕು ಜನ ಬರ್ತಾರಂತೆ, ಸಿಗೋದು ಒಬ್ಬರಿಗೇ. ಹೇಳಪ್ಪಾ, ಏನ್ ಹೇಳ್ಲಿ?"

ಈಗ ಅಪ್ಪ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ.

"ಗುರುತಿಲ್ಲದ್ದು ನಮ್ಮದು ಅಂತ ನಿಂಗೆ ಯಾರೇ ಹೇಳಿದ್ದು? ಊರವರ ಮುಂದೆ ನನ್ನನ್ನ ಕಳ್ಳ ಮಾಡಿಬಿಟ್ಯಲ್ಲೇ!"

"ಯಾರೂ ಹೇಳಿಲ್ಲ. ನಮ್ಮ ಕಾಲರಿನಲ್ಲಿ ಯಾವತ್ತೂ ಏನೂ ಕಾಣಿಸಿಲ್ವಲ್ಲ..."

ಅವನು ಬಾಗಿಲ ಹಿಂದಿನ ಮೊಳೆಯತ್ತ ಕೈ ತೋರಿಸಿದ. ಅಲ್ಲಿ ಮಗುವಿನ ಒಂಟಿ ಕಾಲುಚೀಲ, ಒಂದು ಟವೆಲು ನೇತಾಡುತ್ತಿದ್ದವು. "ದಾರ ಬಿಚ್ಚಿಹೋಗಿದ್ದು ಅಲ್ಲಿರುತ್ತೆ. ನಂದು ಅಂತ ಕೇಳ್ಕೊಂಡು ಬರೋವರೆಗೂ ಅದು ಯಾರದ್ದೂ ಅಲ್ಲ. ಎಲ್ಲಿ, ನಿನ್ನ ಅಂಗಿ ಅಂಚು ತಿರುಗಿಸು."

ಚೂಟಿ ತಿರುಗಿಸಿದಳು. ಮಡಿಕೆಯ ಒಳಗೆ, ಎಳ್ಳುಕಾಳಿನಷ್ಟು ಒಂದು ಹಳದಿ ಹೊಲಿಗೆ.

"ಇದು ಯಾವಾಗ ಹಾಕಿದ್ದಪ್ಪಾ?"

"ನೀನು ಹುಟ್ಟಿದಾಗ ಮೊದಲನೇ ಅಂಗಿಗೆ ಹಾಕ್ದೆ. ಆಮೇಲೆ ಒಂದಕ್ಕೂ ಬಿಟ್ಟಿಲ್ಲ. ಊರವರದ್ದು ಕಾಲರಿನಲ್ಲಿರಬೇಕು, ಬೇಗ ಸಿಗ್ಲಿ ಅಂತ. ನಮ್ಮದನ್ನ ಹುಡುಕೋಕೆ ನನಗೇನು ಅವಸರ?"

ಚಿಕ್ಕಮ್ಮ ತನ್ನ ಬಟ್ಟೆಯ ಅಂಚನ್ನೂ ತಿರುಗಿಸಿ ನೋಡಿಕೊಂಡಳು. ಅಲ್ಲೂ ಹಳದಿ! "ಭಾವಾ, ಎಲ್ಲಾ ಗುಟ್ಟೂ ಹೇಳಿದ್ದೀನಿ ಅಂದಿದ್ರಲ್ಲ ನೀವು!"

"ಅಯ್ಯಯ್ಯೋ, ಹಾಗಾದ್ರೆ ನನ್ನ ಫಾರ್ಮೇ ತಪ್ಪು!" ಚೂಟಿ ಕುಣಿದ ರಭಸಕ್ಕೆ ಮಡಚಿಟ್ಟಿದ್ದ ದಿಂಬಿನ ಕವರುಗಳೆಲ್ಲ ನೆಲಕ್ಕೆ ಬಿದ್ದವು. ಹೆದರಿಕೆಯಾಗಿದೆಯೋ ಖುಷಿಯಾಗಿದೆಯೋ ಅವಳಿಗೇ ತಿಳಿಯಲಿಲ್ಲ.

"ತಪ್ಪು ಬರ್ದಿದ್ದೆ ಅಂತ ಅವರ ಎದುರಿಗೇ ಹೇಳು. ಎಷ್ಟು ಗಂಟೆಗೆ?"

"ಹತ್ತಕ್ಕೆ."

ಅಪ್ಪ ಊರವರ ಅಂಗಿಯನ್ನು ಪಕ್ಕಕ್ಕೆ ಸರಿಸಿ, ಒಳಗಿನಿಂದ ತನ್ನ ಬಿಳಿ ಅಂಗಿಯನ್ನು ತಂದು ಮೇಜಿನ ಮೇಲೆ ಹರವಿದ. ಚೂಟಿಯ ಹೆಬ್ಬೆರಳುಗಳು ಆಗಲೇ ಮೊಬೈಲಿನ ಮೇಲೆ ಓಡುತ್ತಿದ್ದವು:

'ಸರ್, ನಾಳೆ ಹತ್ತಕ್ಕೆ ಇಬ್ಬರೂ ಬರ್ತೀವಿ. ಉತ್ತರ ಮೈಮೇಲೆ ಹಾಕ್ಕೊಂಡೇ ಬರ್ತೀವಿ.'