ಕಲಿಯುವ ಕಿವಿ

ತಪಾಸಣೆಗೆ ಬಂದ ಬಸುರಿಯರೆಲ್ಲ ಆಸ್ಪತ್ರೆಯ ಚಾಪೆಯ ಮೇಲೆ ದುಂಡಗೆ ಕೂತಿದ್ದರು. ಹೆರಿಗೆ ನರ್ಸಿಂಗ್ ಕಲಿಯುತ್ತಿದ್ದ ಕಸ್ತೂರಿಗೆ ಅಂದು ಕೂಸಿನ ಎದೆಬಡಿತ ಆಲಿಸುವ ಮೊದಲ ಪಾಠ.

"ನನ್ನ ಹೊಟ್ಟಿ ಮ್ಯಾಲ ಕಲಿ ತಂಗಿ," ಎಂದು ತುಂಬುಬಸುರಿ ದ್ಯಾಮವ್ವ ಅಡ್ಡಾದಳು. "ಎರಡ ದಿನಾತು, ಕೂಸು ಭಾಳ ಶಾಣ್ಯಾ ಆಗೇತಿ. ಒದಿಯೂದಿಲ್ಲ, ಹೊರಳೂದಿಲ್ಲ."

ಕಸ್ತೂರಿ ಹೊಟ್ಟೆಯ ಮೇಲೆ ಕೊಳವೆಯಿಟ್ಟು ಕಿವಿಗೊಟ್ಟಳು. ಜಾಗ ಬದಲಿಸಿದಳು. ಏನೂ ಕೇಳಲಿಲ್ಲ.

"ಹುಡುಗಿ ಕಿವ್ಯಾಗ ಹತ್ತಿ ಐತೇನ ನೋಡ್ರೆ," ಎಂದಳೊಬ್ಬಳು. ಎಲ್ಲರೂ ನಕ್ಕರು. ಕಸ್ತೂರಿಯ ಕಣ್ಣು ತುಂಬಿತು.

"ಅಳಬ್ಯಾಡ. ಒಮ್ಮಿಗೇ ಯಾರಿಗೆ ಬರ್ತೈತಿ?" ದ್ಯಾಮವ್ವ ಅವಳ ಕೈ ಸವರಿದಳು.

ಕಲಿಸುವ ಸಿಸ್ಟರ್ ಬಂದು ತಾವೇ ಕಿವಿಯಿಟ್ಟರು. ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಕಸ್ತೂರಿಯ ಕಡೆ ತಿರುಗಿದರು.

"ನಿನ್ನ ಕಿವಿ ಸರಿ ಐತವ್ವಾ."